ಸಿಂಥೆಟಿಕ್ ಬಯಾಲಜಿಗೆ ಯಾವ ಊರು? ಫ್ಲಾಸ್ಕಿನ ಊರು, ಟ್ಯಾಂಕಿನ ಊರು ಎರಡನ್ನೂ ನೋಡಿ ಆರಿಸಿ

ಜೂನ್ ತಿಂಗಳು ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ದಾವಣಗೆರೆ, ಹುಬ್ಬಳ್ಳಿ, ಮೈಸೂರುಗಳಲ್ಲಿ ಬಯೋಟೆಕ್ನಾಲಜಿ ಮುಗಿಸಿದ ಹುಡುಗ ಹುಡುಗಿಯರು ಕೇಳುವುದು ಒಂದೇ: "ಸರ್, ಸಿಂಥೆಟಿಕ್ ಬಯಾಲಜಿ ಮಾಡಬೇಕು ಅಂತಿದೀನಿ. ಬಾಸ್ಟನ್ ಒಳ್ಳೇದಾ, ಲಂಡನ್ ಒಳ್ಳೇದಾ? ಬೆಂಗಳೂರಲ್ಲೇ ಇದ್ದರೆ ಏನಾದ್ರೂ ಆಗುತ್ತಾ?" ಒಮ್ಮೊಮ್ಮೆ ಫೋನು ಅಪ್ಪನ ಕೈಗೆ ಹೋಗುತ್ತದೆ. ಅವರ ಪ್ರಶ್ನೆ ಇನ್ನೂ ನೇರ: "ನಲವತ್ತು ಲಕ್ಷ ಸಾಲ ಅಂತಾರೆ ಸರ್. ತೀರುತ್ತಾ?"

ಬೆಂಗಳೂರಿನ ದಕ್ಷಿಣದ ಕೈಗಾರಿಕಾ ಪ್ರದೇಶದಲ್ಲಿ ಫರ್ಮೆಂಟರ್‌ಗಳ, ಅಂದರೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಟ್ಯಾಂಕುಗಳ, ಪಕ್ಕದಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವನು ನಾನು. ರ‍್ಯಾಂಕಿಂಗ್ ಪಟ್ಟಿ ನೋಡಿ ಊರು ಆರಿಸಿದ ಮಕ್ಕಳು ಐದಾರು ವರ್ಷದ ನಂತರ ಪರದಾಡುವುದನ್ನು ಕಂಡಿದ್ದೇನೆ. ಆದ್ದರಿಂದ ಈಗ ನಾನು ಮೊದಲು ಕೇಳುವುದು: ನಿನಗೆ ಬೇಕಿರುವುದು ಫ್ಲಾಸ್ಕಿನ ಕೆಲಸವೋ (ಲ್ಯಾಬಿನಲ್ಲಿ ಹೊಸ ತಳಿ ಕಟ್ಟುವುದು), ಟ್ಯಾಂಕಿನ ಕೆಲಸವೋ (ಆ ತಳಿಯಿಂದ ಕಾರ್ಖಾನೆಯಲ್ಲಿ ವಸ್ತು ತಯಾರಿಸುವುದು)? ಈ ವಿದ್ಯೆಯ ಭೂಪಟದಲ್ಲಿ ಫ್ಲಾಸ್ಕಿನ ಊರುಗಳು ಬೇರೆ, ಟ್ಯಾಂಕಿನ ಊರುಗಳು ಬೇರೆ. ಹೆಸರು ಹುಟ್ಟುವುದು ಮೊದಲನೆಯದರಲ್ಲಿ. ದುಡ್ಡು ಹುಟ್ಟುವುದು ಬಹುತೇಕ ಎರಡನೆಯದರಲ್ಲಿ.

ಒಂದು ಮಲೇರಿಯಾ ಔಷಧಿ ಸುತ್ತಿದ ದಾರಿ

ಸಿಂಥೆಟಿಕ್ ಬಯಾಲಜಿ ಎಂದರೆ ಜೀವಕೋಶವನ್ನು ಯಂತ್ರದಂತೆ ಯೋಜನೆ ಹಾಕಿ ಕಟ್ಟುವ ವಿದ್ಯೆ. ಬೇಕಾದ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಬರೆದು, ರಾಸಾಯನಿಕವಾಗಿ ಜೋಡಿಸಿ, ಯೀಸ್ಟಿಗೋ ಬ್ಯಾಕ್ಟೀರಿಯಾಕ್ಕೋ ಸೇರಿಸಿ, ಅದು ಹುಟ್ಟಿನಿಂದ ಮಾಡದ ಕೆಲಸವನ್ನು ಅದರಿಂದ ಮಾಡಿಸುವುದು. ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಆರ್ಟೆಮಿಸಿನಿನ್. ಮಲೇರಿಯಾಕ್ಕೆ ಕೊಡುವ ಈ ಔಷಧಿ ಆರ್ಟೆಮಿಸಿಯಾ ಎಂಬ ಗಿಡದ ಎಲೆಯಿಂದ ಬರುತ್ತಿತ್ತು. ಒಂದು ವರ್ಷ ಬೆಳೆ ಹೆಚ್ಚಾಗಿ ಬೆಲೆ ಕುಸಿದರೆ, ಮರುವರ್ಷ ರೈತರು ಬೆಳೆಯುವುದನ್ನೇ ಬಿಟ್ಟು ಔಷಧಿಗೆ ಬರ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇ ಕೀಸ್ಲಿಂಗ್ ಅವರ ತಂಡ ಆ ಗಿಡದ ಜೀನುಗಳನ್ನು ಯೀಸ್ಟಿಗೆ ಹಾಕಿತು. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ ಈ ಯೋಜನೆಗೆ 4.26 ಕೋಟಿ ಡಾಲರ್ ಕೊಟ್ಟಿತು. ಕೀಸ್ಲಿಂಗ್ ಬಳಗದ ಅಮಿರಿಸ್ ಕಂಪನಿ ಆ ಯೀಸ್ಟಿನ ತಳಿಯನ್ನು ತಿದ್ದುತ್ತಾ ಹೋಯಿತು. 2013ರ ಹೊತ್ತಿಗೆ ಒಂದು ಲೀಟರ್ ದ್ರಾವಣದಲ್ಲಿ ಔಷಧಿಯ ಕಚ್ಚಾವಸ್ತುವಾದ ಆರ್ಟೆಮಿಸಿನಿಕ್ ಆಮ್ಲ 25 ಗ್ರಾಂ ಸಿಗುವಷ್ಟು ಸುಧಾರಿಸಿತು. ಅಲ್ಲಿಂದ ಔಷಧಿ ತಯಾರಿಸಿದ್ದು ಅಮೆರಿಕದಲ್ಲಲ್ಲ, ಇಟಲಿಯ ಗರೆಸ್ಸಿಯೊ ಎಂಬ ಬೆಟ್ಟದೂರಿನ ಸನೋಫಿ ಕಾರ್ಖಾನೆಯಲ್ಲಿ.

ವಿಜ್ಞಾನ ಗೆದ್ದಿತ್ತು. ಸಂತೆಯಲ್ಲಿ ಸೋತಿತು. ಯೀಸ್ಟಿನ ಆರ್ಟೆಮಿಸಿನಿನ್ನಿನ ಬೆಲೆ ಕೆ.ಜಿ.ಗೆ 350ರಿಂದ 400 ಡಾಲರ್. ಅದೇ ಹೊತ್ತಿಗೆ ಗಿಡದಿಂದ ತೆಗೆದದ್ದು 250 ಡಾಲರಿಗೂ ಕೆಳಗಿಳಿದಿತ್ತು. 2015ರಲ್ಲಿ ಗರೆಸ್ಸಿಯೊದಲ್ಲಿ ಒಂದು ಕೆ.ಜಿ.ಯೂ ತಯಾರಾಗಲಿಲ್ಲ. ಮುಂದೆ ಸನೋಫಿ ಆ ಕಾರ್ಖಾನೆಯನ್ನು ಬಲ್ಗೇರಿಯಾದ ಹ್ಯುವೆಫಾರ್ಮಾಗೆ ಮಾರಿತು. ನಮ್ಮ ವಿದ್ಯಾರ್ಥಿಗಳು ಬರ್ಕ್ಲಿಯ ಪ್ರಬಂಧವನ್ನು ಬಾಯಿಪಾಠ ಮಾಡಿರುತ್ತಾರೆ, ಗರೆಸ್ಸಿಯೊದ ಹೆಸರನ್ನೇ ಕೇಳಿರುವುದಿಲ್ಲ. ಊರು ಆರಿಸಲು ಹೊರಟವರು ಎರಡನ್ನೂ ತಿಳಿದಿರಬೇಕು.

ಬಟ್ಟಲಿನ ಹೆಪ್ಪು, ಕೊಪ್ಪರಿಗೆಯ ಮೊಸರು

ಬಟ್ಟಲು ಹಾಲಿಗೆ ಹೆಪ್ಪು ಹಾಕುವುದು ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಮದುವೆಮನೆಯ ಕೊಪ್ಪರಿಗೆಗೆ ಹೆಪ್ಪು ಹಾಕಲು ಅಡುಗೆ ಭಟ್ಟರೇ ಬೇಕು. ಹಾಲಿನ ನಡುವೆ ಬಿಸಿ ಉಳಿದರೆ ಮೊಸರು ಹುಳಿ, ಅಂಚು ಆರಿದರೆ ನೀರು ನೀರು. ಫರ್ಮೆಂಟೇಶನ್ನಿನಲ್ಲೂ ಇದೇ ಕಷ್ಟ, ಸಾವಿರ ಪಟ್ಟು ಹೆಚ್ಚು.

ಹತ್ತು ಸಾವಿರ ಲೀಟರಿನ ಟ್ಯಾಂಕಿನ ಮುಂದೆ ಒಂದು ರಾತ್ರಿ ನಿಂತರೆ ಸಾಕು, ತಿಳಿಯುತ್ತದೆ. ಯೀಸ್ಟು ಸಕ್ಕರೆ ತಿನ್ನುತ್ತಾ ಕಾಯುತ್ತದೆ. ಒಂದು ಲೀಟರಿನ ಪಾತ್ರೆ ಆ ಬಿಸಿಯನ್ನು ತನ್ನ ಮೈಯಿಂದಲೇ ಬಿಟ್ಟುಬಿಡುತ್ತದೆ. ಟ್ಯಾಂಕು ದೊಡ್ಡದಾದಷ್ಟೂ ಹೊಟ್ಟೆ ಹಿಗ್ಗುತ್ತದೆ, ಮೈ ಅಷ್ಟು ಹಿಗ್ಗುವುದಿಲ್ಲ. ಒಳಗಿನ ಬಿಸಿ ತೆಗೆಯಲು ತಣ್ಣೀರಿನ ಸುರುಳಿ ಓಡುತ್ತಲೇ ಇರಬೇಕು. ರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಮಾಪಕದ ಅಂಕಿ ಮೂವತ್ತರಿಂದ ಹತ್ತಕ್ಕೆ ಇಳಿಯುತ್ತದೆ. ಕಲಕುವ ವೇಗ ಏರಿಸಿದರೆ ನೊರೆ ಎದ್ದು ಇಣುಕುಗಾಜನ್ನು ಮುಚ್ಚುತ್ತದೆ. ನೊರೆ ಇಳಿಸಲು ಎಣ್ಣೆ ಬಿಟ್ಟರೆ ಆಕ್ಸಿಜನ್ ಕರಗುವುದು ಇನ್ನೂ ಕಡಿಮೆಯಾಗುತ್ತದೆ. ಆಪರೇಟರ್ ಕೈ ಕವಾಟದ ಮೇಲೆ, ಕಣ್ಣು ಪರದೆಯ ಮೇಲೆ. ಆ ಗಳಿಗೆಯಲ್ಲಿ ತಪ್ಪಿದರೆ ವಾರದ ಕೆಲಸ ಚರಂಡಿಗೆ. ಈ ಅನುಭವ ಪ್ರಬಂಧಗಳಲ್ಲಿ ಸಿಗುವುದಿಲ್ಲ, ಟ್ಯಾಂಕು ಇರುವ ಊರಿನಲ್ಲಿ ಮಾತ್ರ ಸಿಗುತ್ತದೆ.

ಇನ್ನೊಂದು ಲೆಕ್ಕ ಸಕ್ಕರೆಯದು. ಅಮಿರಿಸ್ ಮುಂದೆ ಫಾರ್ನೆಸೀನ್ ಎಂಬ ಎಣ್ಣೆಯನ್ನು ಯೀಸ್ಟಿನಿಂದ ತೆಗೆದು ಡೀಸೆಲ್ಲಿನ ಬದಲು ಮಾರಲು ಹೊರಟಿತು. ಅದಕ್ಕಾಗಿ ಬ್ರೆಜಿಲ್‌ನ ಬ್ರೋಟಾಸ್‌ನಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಕಾರ್ಖಾನೆ ಕಟ್ಟಿತು. 2 ಲಕ್ಷ ಲೀಟರಿನ ಟ್ಯಾಂಕುಗಳಲ್ಲಿ ಯೀಸ್ಟು ಎರಡು ವಾರ ಬಿಡದೆ ಎಣ್ಣೆ ಕೊಟ್ಟಿತು. ತಾಂತ್ರಿಕವಾಗಿ ಅದು ಬೆರಗಿನ ಸಾಧನೆ. ಆದರೆ ಒಂದು ಕೆ.ಜಿ. ಫಾರ್ನೆಸೀನ್‌ಗೆ, ಎಲ್ಲವೂ ಸರಿಯಾಗಿ ನಡೆದರೂ, ಮೂರೂವರೆ ನಾಲ್ಕು ಕೆ.ಜಿ. ಸಕ್ಕರೆ ಬೇಕು. ಸಕ್ಕರೆ ಕೆ.ಜಿ.ಗೆ 40 ರೂಪಾಯಿ ಎಂದುಕೊಂಡರೆ ಅದೊಂದಕ್ಕೇ 140ರಿಂದ 160 ರೂಪಾಯಿ. ಕರೆಂಟು, ಸಂಬಳ, ಸೋಸುವ ಖರ್ಚು ಇನ್ನೂ ಸೇರಿಲ್ಲ. ಡೀಸೆಲ್ ಬಂಕಿನಲ್ಲಿ ಇದನ್ನು ಮಾರುವುದು ಹೇಗೆ? ಕಂಪನಿ ಅದೇ ಎಣ್ಣೆಯಿಂದ ಸ್ಕ್ವಾಲೇನ್ ತಯಾರಿಸಿ ಸೌಂದರ್ಯ ಸಾಮಗ್ರಿಗೆ ಮಾರಿತು. ಮೊದಲು ಅದನ್ನು ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೆಯುತ್ತಿದ್ದರು. ಆ ಮೀನುಗಳ ಪ್ರಾಣ ಉಳಿಸುವ ದಾರಿ ಸಿಕ್ಕಿದ್ದು ನನಗೆ ನಿಜಕ್ಕೂ ದೊಡ್ಡ ವಿಷಯ. ಆದರೂ 2023ರ ಆಗಸ್ಟಿನಲ್ಲಿ ಅಮಿರಿಸ್ ದಿವಾಳಿ ಅರ್ಜಿ ಹಾಕಿತು.

ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2020ರಲ್ಲಿ ಹಾಕಿದ ಅಂದಾಜು ಎಲ್ಲ ಭಾಷಣಗಳಲ್ಲೂ ಕೇಳಿಬರುತ್ತದೆ: ಜಗತ್ತಿನ ಆರ್ಥಿಕತೆ ಬಳಸುವ ಭೌತಿಕ ವಸ್ತುಗಳಲ್ಲಿ ಶೇ. 60ರಷ್ಟನ್ನು ಜೀವಿಗಳಿಂದ ತಯಾರಿಸಲು ಸಾಧ್ಯ. 2030–40ರ ವೇಳೆಗೆ ಜೀವವಿಜ್ಞಾನದ ಹೊಸ ತಂತ್ರಗಳ ನೇರ ಪರಿಣಾಮವೇ ವರ್ಷಕ್ಕೆ 2ರಿಂದ 4 ಲಕ್ಷ ಕೋಟಿ ಡಾಲರ್. 'ಸಾಧ್ಯ' ಎಂಬ ಪದದ ಮೇಲೆ ಬೆರಳಿಟ್ಟು ಓದಿ. ಆ ಸಾಧ್ಯತೆಯನ್ನು ಸಂಬಳವಾಗಿಸುವುದು ಸಕ್ಕರೆ, ಟ್ಯಾಂಕು, ಕರೆಂಟಿನ ದರ ಮತ್ತು ರಾತ್ರಿ ಪಾಳಿಯ ಆಪರೇಟರ್.

ಬಾಸ್ಟನ್ ಮತ್ತು ಕ್ಯಾಲಿಫೋರ್ನಿಯಾ

ಹೊಸ ತಳಿ, ಹೊಸ ಜೀನು-ಸರ್ಕ್ಯೂಟ್, ಹೊಸ ಕಲ್ಪನೆ ಬೇಕೆನ್ನುವವರಿಗೆ ಇವತ್ತಿಗೂ ಇವೆರಡಕ್ಕೆ ಸಾಟಿಯಿಲ್ಲ. 2000ರಲ್ಲಿ ಬ್ಯಾಕ್ಟೀರಿಯಾದೊಳಗೆ ಆನ್-ಆಫ್ ಸ್ವಿಚ್ಚು ಕಟ್ಟಿ ತೋರಿಸಿದ ಜಿಮ್ ಕಾಲಿನ್ಸ್ ಆಗ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿದ್ದರು. ಕಂಪ್ಯೂಟರ್ ಎಂಜಿನಿಯರ್ ಆಗಿದ್ದ ಟಾಮ್ ನೈಟ್ ಎಂಐಟಿಯಲ್ಲಿ ಡಿಎನ್‌ಎ ತುಣುಕುಗಳನ್ನು ಇಟ್ಟಿಗೆಯಂತೆ ಜೋಡಿಸುವ ಪದ್ಧತಿ ತಂದರು. ಅದಕ್ಕೂ ಹಿಂದೆ, ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನಾ ಪೂರ್ತಿ ಒಂದು ಜೀನನ್ನು ರಾಸಾಯನಿಕವಾಗಿ ಕಟ್ಟಿ, 1976ರಲ್ಲಿ ಅದು ಜೀವಕೋಶದಲ್ಲಿ ಕೆಲಸ ಮಾಡುವುದನ್ನು ತೋರಿಸಿದ್ದೂ ಎಂಐಟಿಯಲ್ಲೇ.

ಪಿಎಚ್‌.ಡಿ.ಗೆ ಅಲ್ಲಿ ಸೀಟು ಸಿಕ್ಕರೆ ಹೆಚ್ಚು ಯೋಚಿಸಬೇಡಿ, ಹೋಗಿ. ಸಾಮಾನ್ಯವಾಗಿ ಶುಲ್ಕವೂ ಖರ್ಚೂ ಅವರದೇ. ಎರಡು ವರ್ಷದ ಎಂ.ಎಸ್. ಮಾತು ಬೇರೆ: ದುಡ್ಡು ನಿಮ್ಮದು, ಬಾಡಿಗೆ ದುಬಾರಿ, ವೀಸಾ ನಿಯಮ ವರ್ಷಕ್ಕೊಂದು ಬಗೆ. ಅಪ್ಪ ಕೇಳಿದ ನಲವತ್ತು ಲಕ್ಷದ ಪ್ರಶ್ನೆ ಬರುವುದು ಇಲ್ಲಿಯೇ. ಮನೆ ಅಡವಿಟ್ಟು ಎಂ.ಎಸ್.ಗೆ ಕಳಿಸುವುದು ಬೇಡ ಎಂದೇ ನಾನು ಹೇಳುತ್ತೇನೆ.

ಅಲ್ಲಿಯ ನೌಕರಿ ಷೇರು ಮಾರುಕಟ್ಟೆಯ ಜೊತೆ ಏರುತ್ತದೆ, ಇಳಿಯುತ್ತದೆ. ಟಾಮ್ ನೈಟ್, ರೇಷ್ಮಾ ಶೆಟ್ಟಿ ಮತ್ತು ಇನ್ನು ಮೂವರು 2008ರಲ್ಲಿ ಬಾಸ್ಟನ್ನಿನಲ್ಲಿ ಕಟ್ಟಿದ ಗಿಂಕ್ಗೊ ಬಯೋವರ್ಕ್ಸ್ 2021ರಲ್ಲಿ ಸುಮಾರು 1,500 ಕೋಟಿ ಡಾಲರ್ ಮೌಲ್ಯದಲ್ಲಿ ಷೇರುಪೇಟೆಗೆ ಬಂತು. 2024ರಲ್ಲಿ ಷೇರು ಎಷ್ಟು ಇಳಿಯಿತೆಂದರೆ 40 ಷೇರುಗಳನ್ನು ಒಂದಾಗಿಸಿ ಬೆಲೆ ಎತ್ತಿ ನಿಲ್ಲಿಸಬೇಕಾಯಿತು. ಕ್ಯಾಲಿಫೋರ್ನಿಯಾದ ಜೈಮರ್ಜೆನ್ 2021ರ ಏಪ್ರಿಲ್‌ನಲ್ಲಿ ಸುಮಾರು 50 ಕೋಟಿ ಡಾಲರ್ ಎತ್ತಿತು, ಆಗಸ್ಟಿನಲ್ಲಿ ಷೇರು ಪಾತಾಳಕ್ಕೆ ಬಿತ್ತು. ಅಲ್ಲಿಂದ ಹೊರಬಿದ್ದವರಲ್ಲಿ ಒಳ್ಳೊಳ್ಳೆಯ ವಿಜ್ಞಾನಿಗಳಿದ್ದರು. ಅವರ ತಳಿಗಳಲ್ಲಿ ತಪ್ಪಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮುಂಚೆ ಕಟ್ಟಡ ದೊಡ್ಡದಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ.

ಅಮೆರಿಕದ ಟ್ಯಾಂಕುಗಳು ಎಲ್ಲಿವೆ ಗೊತ್ತೇ? ನೆಬ್ರಾಸ್ಕದ ಬ್ಲೇರ್ ಎಂಬ ಪುಟ್ಟ ಊರಿನಲ್ಲಿ. ಮೆಕ್ಕೆಜೋಳದಿಂದ ಪ್ಲಾಸ್ಟಿಕ್ ಮಾಡುವ ನೇಚರ್‌ವರ್ಕ್ಸ್, ಯೀಸ್ಟಿನಿಂದ ಸ್ಟೀವಿಯಾದ ಸಿಹಿ ತೆಗೆಯುವ ಕಾರ್ಗಿಲ್ ಘಟಕ, ಡೆನ್ಮಾರ್ಕ್ ಮೂಲದ ನೊವೊಜೈಮ್ಸ್‌ನ ಎನ್‌ಜೈಮ್ ಕಾರ್ಖಾನೆ, ಎಲ್ಲವೂ ಅಲ್ಲೇ. ಕಾರಣ, ಸುತ್ತ ಮೆಕ್ಕೆಜೋಳದ ಹೊಲ, ಜೋಳ ಅರೆದು ಸಕ್ಕರೆ ತೆಗೆಯುವ ಮಿಲ್ಲು. ಕೆಮಿಕಲ್ ಎಂಜಿನಿಯರಿಂಗ್ ಓದಿದವರು ಅಯೋವಾ, ನೆಬ್ರಾಸ್ಕಗಳ ಹೆಸರನ್ನೂ ಅರ್ಜಿಯ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ.

ಬ್ರಿಟನ್, ಡೆನ್ಮಾರ್ಕ್ ಮತ್ತು ನೆರೆಹೊರೆ

ಸರ್ಕಾರವೇ ಮುಂದೆ ನಿಂತು ಈ ವಿದ್ಯೆಗೆ ದಾರಿ ಹಾಕಿದ ಮೊದಲಿಗರಲ್ಲಿ ಬ್ರಿಟನ್ ಒಂದು. 2012ರಲ್ಲಿ ಮಾರ್ಗನಕ್ಷೆ, ನಂತರ ಬ್ರಿಸ್ಟಲ್, ನಾಟಿಂಗ್‌ಹ್ಯಾಮ್, ವಾರಿಕ್, ಮ್ಯಾಂಚೆಸ್ಟರ್, ಎಡಿನ್‌ಬರೊ ಮತ್ತು ಕೇಂಬ್ರಿಜ್–ನಾರಿಚ್ ಜೋಡಿಯಲ್ಲಿ ಆರು ಕೇಂದ್ರಗಳು. 2023ರ ಡಿಸೆಂಬರಿನಲ್ಲಿ ಹತ್ತು ವರ್ಷಕ್ಕೆ 200 ಕೋಟಿ ಪೌಂಡ್ ಯೋಜನೆ ಘೋಷಣೆಯಾಯಿತು. ಕೇಂಬ್ರಿಜ್‌ನಲ್ಲಿ ಜೇಸನ್ ಚಿನ್ ಅವರ ತಂಡ 2019ರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನೇ (ಪೂರ್ತಿ ಡಿಎನ್‌ಎಯನ್ನೇ) ಹೊಸದಾಗಿ ಬರೆದು, 64ರ ಬದಲು 61 ಡಿಎನ್‌ಎ ಸಂಕೇತಗಳಲ್ಲಿ ಬದುಕುವ ಜೀವಿಯನ್ನು ಮಾಡಿತು. ಜೀವದ ಮೂಲ ಪ್ರಶ್ನೆಗಳು ಯಾರ ನಿದ್ದೆ ಕೆಡಿಸುತ್ತವೋ ಅವರಿಗೆ ಬ್ರಿಟನ್ ಸರಿ. ಒಂದು ವರ್ಷದಲ್ಲಿ ಮಾಸ್ಟರ್ಸ್ ಮುಗಿಯುವುದರಿಂದ ಖರ್ಚು ಅಮೆರಿಕಕ್ಕಿಂತ ಕಡಿಮೆ. ಆದರೆ ಅಲ್ಲಿ ದೊಡ್ಡ ಟ್ಯಾಂಕುಗಳು ಕಡಿಮೆ. ತಳಿ ಬೆಳೆದ ಮೇಲೆ ಕಂಪನಿಗಳು ಸಮುದ್ರ ದಾಟುತ್ತವೆ.

ಹಾಗೆ ದಾಟಿದವರು ಇಳಿಯುವ ಊರುಗಳಲ್ಲಿ ಬೆಲ್ಜಿಯಂನ ಗೆಂಟ್ ಮುಖ್ಯ. ಯಾರು ಬೇಕಾದರೂ ತಳಿ ತಂದು, ಬಾಡಿಗೆ ಕೊಟ್ಟು, ಸಾವಿರಾರು ಲೀಟರಿನ ಟ್ಯಾಂಕುಗಳಲ್ಲಿ ಪರೀಕ್ಷಿಸಬಹುದಾದ ಪೈಲಟ್ ಪ್ಲಾಂಟ್ ಅಲ್ಲಿದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲೂ ಇಂಥದ್ದೇ ಒಂದಿದೆ.

ಫ್ಲಾಸ್ಕೂ ಟ್ಯಾಂಕೂ ಒಂದೇ ಅಂಗಳದಲ್ಲಿ ಇರುವ ದೇಶ ಡೆನ್ಮಾರ್ಕ್. ಕೋಪನ್‌ಹೇಗನ್ ಪಕ್ಕದ ಲಿಂಗ್‌ಬಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಬಯೋಸಸ್ಟೇನೆಬಿಲಿಟಿ ಕೇಂದ್ರ; ಸುಮಾರು ನೂರು ಕಿ.ಮೀ. ಆಚೆ ಕಲುಂಡ್‌ಬೋರ್ಗ್‌ನಲ್ಲಿ ಜಗತ್ತಿನ ಇನ್ಸುಲಿನ್ನಿನ ದೊಡ್ಡ ಪಾಲು ತಯಾರಾಗುವ ಟ್ಯಾಂಕುಗಳು. ಅಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗೆ ನೌಕರನಂತೆ ಸಂಬಳ. ನೊವೊಜೈಮ್ಸ್ ಮತ್ತು ಕ್ರಿಸ್ಟಿಯನ್ ಹ್ಯಾನ್ಸನ್ 2024ರ ಜನವರಿಯಲ್ಲಿ ಒಂದಾಗಿ ನೊವೊನೆಸಿಸ್ ಆದವು. ತಳಿಯನ್ನೂ ಕಲಿತು, ಅದು ಮಾರುಕಟ್ಟೆಗೆ ಹೋಗುವವರೆಗಿನ ದಾರಿಯನ್ನೂ ಕಾಣಬೇಕು ಎನ್ನುವ ವಿದ್ಯಾರ್ಥಿಗೆ ನನ್ನ ಮೊದಲ ಸಲಹೆ ಬಾಸ್ಟನ್ ಅಲ್ಲ, ಡೆನ್ಮಾರ್ಕ್. ಚಳಿಗಾಲದ ಕತ್ತಲು ಮೊದಲ ವರ್ಷ ಮನಸ್ಸನ್ನು ಕುಗ್ಗಿಸುತ್ತದೆ ಎಂದು ಹೋದವರೆಲ್ಲ ಹೇಳುತ್ತಾರೆ, ಅದಕ್ಕೊಂದು ತಯಾರಿ ಇರಲಿ.

ಚೀನಾ, ಸಿಂಗಪುರ

ಚೀನಾವನ್ನು ನಮ್ಮ ವಿದ್ಯಾರ್ಥಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ತಪ್ಪು. ಅಲ್ಲಿಗೆ ಹೋಗದಿದ್ದರೂ ಅಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಈ ಕ್ಷೇತ್ರದಲ್ಲಿ ವ್ಯಾಪಾರ ಮಾಡಲಾಗದು. ತಿಯಾನ್‌ಜಿನ್‌ನ ಕೈಗಾರಿಕಾ ಜೈವಿಕ ತಂತ್ರಜ್ಞಾನ ಸಂಸ್ಥೆ 2021ರಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಗಿಡವಿಲ್ಲದೆ ಪಿಷ್ಟ ತಯಾರಿಸಿ ತೋರಿಸಿತು. ಶಾಂಘೈನಲ್ಲಿ 2018ರಲ್ಲಿ ಯೀಸ್ಟಿನ 16 ವರ್ಣತಂತುಗಳನ್ನು ಒಂದೇ ತಂತುವಾಗಿ ಹೆಣೆದರು. ಶೆನ್‌ಜೆನ್‌ನ ಗುವಾಂಗ್‌ಮಿಂಗ್‌ನಲ್ಲಿರುವ ಕೇಂದ್ರದ ಏರ್ಪಾಟು ನನಗೆ ತುಂಬಾ ಮೆಚ್ಚುಗೆ: ಮೇಲಿನ ಮಹಡಿಗಳಲ್ಲಿ ಸಂಶೋಧಕರು, ಕೆಳಗಿನ ಮಹಡಿಗಳಲ್ಲಿ ಅದನ್ನು ಉದ್ಯಮವಾಗಿಸುವ ಹೊಸ ಕಂಪನಿಗಳು. ತಳಿ ಮೆಟ್ಟಿಲಿಳಿದರೆ ಸಾಕು.

ಅದಕ್ಕಿಂತ ದೊಡ್ಡ ಬಲ ಹಳೆಯದು. ಅಮೈನೊ ಆಮ್ಲ, ವಿಟಮಿನ್, ಅಜಿನೊಮೊಟೊದ ಬೃಹತ್ ಟ್ಯಾಂಕುಗಳನ್ನು ಚೀನಾ ದಶಕಗಳಿಂದ ನಡೆಸಿಕೊಂಡು ಬಂದಿದೆ. ಕಡಿಮೆ ಬೆಲೆಯ, ಟನ್‌ಗಟ್ಟಲೆ ಮಾರುವ ವಸ್ತುವನ್ನು ಆರಿಸಿಕೊಂಡು ಸ್ಟಾರ್ಟಪ್ ಮಾಡಲು ಹೊರಟವರಿಗೆ ನನ್ನ ಮಾತು ಒಂದೇ: ಅದರ ಚೀನಾ ದರ ಎಷ್ಟೆಂದು ಮೊದಲು ವಿಚಾರಿಸಿ, ನಿಮ್ಮ ಲೆಕ್ಕದಲ್ಲಿ ಅದರ ಅರ್ಧಕ್ಕೆ ಕೊಡಲಾಗದಿದ್ದರೆ ಬೇರೆ ವಸ್ತು ಹುಡುಕಿ. ಓದಲು ಹೋಗುವುದಾದರೆ ಭಾಷೆಯನ್ನು ಒಂದು ವರ್ಷ ಮುಂಚೆಯೇ ಕಲಿಯಲು ಶುರು ಮಾಡಬೇಕು. ನಮ್ಮ ದೇಶದೊಂದಿಗಿನ ಸಂಬಂಧ ಕೆಟ್ಟಾಗ ವೀಸಾ ನಿಂತುಬಿಡುವ ಅಪಾಯವೂ ಇದೆ.

ಸಿಂಗಪುರ ಚಿಕ್ಕದು, ಚೊಕ್ಕ. 2018ರಲ್ಲಿ 2.5 ಕೋಟಿ ಸಿಂಗಪುರ ಡಾಲರಿನ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸದ ಮಾರಾಟಕ್ಕೆ ಜಗತ್ತಿನಲ್ಲೇ ಮೊದಲು, 2020ರಲ್ಲಿ, ಒಪ್ಪಿಗೆ ಕೊಟ್ಟದ್ದೂ ಅದೇ. ಹೊಸ ಆಹಾರಕ್ಕೆ ಪರವಾನಗಿ ಬೇಗ ಬೇಕಾದವರಿಗೆ ಅದು ಸರಿಯಾದ ಬಾಗಿಲು.

ಬೆಂಗಳೂರು

ನಮ್ಮ ಊರಿನ ಫರ್ಮೆಂಟೇಶನ್ ಕಥೆ ಪಪ್ಪಾಯಿಯಿಂದ ಶುರುವಾಗುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಶಾ ಬಯೋಕಾನ್ ಆರಂಭಿಸಿದಾಗ ಮೊದಲು ಮಾರಿದ್ದು ಪಪ್ಪಾಯಿ ಹಾಲಿನಿಂದ ತೆಗೆದ ಪಪೇನ್ ಎನ್‌ಜೈಮ್ ಮತ್ತು ಬಿಯರ್ ತಿಳಿಗೊಳಿಸಲು ಬಳಸುವ, ಮೀನಿನಿಂದ ತೆಗೆದ ಐಸಿಂಗ್ಲಾಸ್. ಎನ್‌ಜೈಮ್ ತಯಾರಿಸಿ ತಯಾರಿಸಿ ಟ್ಯಾಂಕು ನಡೆಸುವ ಕೈಗಳು ಪಳಗಿದವು. 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತೆಗೆದು ಮಾರುಕಟ್ಟೆಗೆ ತಂದದ್ದು ಆ ಕೈಗಳೇ. 2007ರಲ್ಲಿ ಎನ್‌ಜೈಮ್ ವಿಭಾಗವನ್ನು 11.5 ಕೋಟಿ ಡಾಲರಿಗೆ ನೊವೊಜೈಮ್ಸ್‌ಗೆ ಮಾರಿದರು. ಡೆನ್ಮಾರ್ಕ್‌ಗೂ ಬೆಂಗಳೂರಿಗೂ ಇರುವ ನಂಟು ಇದು.

ಫ್ಲಾಸ್ಕಿಗೂ ಕೊರತೆಯಿಲ್ಲ. 1909ರ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಇದೆ. ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು, ಹೊಸ ಕಂಪನಿಗಳನ್ನು ಸಾಕುವ ಸಿ-ಕ್ಯಾಂಪ್ ಇವೆ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಬಯೋಇನ್ನೊವೇಶನ್ ಸೆಂಟರ್ ಇದೆ. 2013ರಲ್ಲಿ ಇಲ್ಲಿ ಹುಟ್ಟಿದ ಸ್ಟ್ರಿಂಗ್ ಬಯೊ ಸಕ್ಕರೆಯನ್ನೇ ಬಿಟ್ಟು ಮೀಥೇನ್ ಅನಿಲ ತಿನ್ನುವ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ತೆಗೆಯುತ್ತದೆ. ಆ ಪ್ರಯತ್ನದ ಮೇಲೆ ನನಗೆ ತುಂಬಾ ಅಕ್ಕರೆ, ಏಕೆಂದರೆ ಅದು ಸಕ್ಕರೆಯ ಲೆಕ್ಕಾಚಾರವನ್ನೇ ತಪ್ಪಿಸಿಕೊಳ್ಳುವ ದಾರಿ. ಟ್ಯಾಂಕು ಬೇಕೆಂದರೆ ಬಾಡಿಗೆಗೆ ತಯಾರಿಸಿಕೊಡುವ ಲಾರಸ್ ಬಯೊ, ಆಂಥೆಮ್ ಬಯೋಸೈನ್ಸಸ್ ಇಲ್ಲಿವೆ. ಆಂಥೆಮ್‌ನ ಒಟ್ಟು ಫರ್ಮೆಂಟೇಶನ್ ಸಾಮರ್ಥ್ಯವೊಂದೇ 1 ಲಕ್ಷ ಲೀಟರ್ ದಾಟುತ್ತದೆ. ಹಸುವಿಲ್ಲದೆ ಹಾಲಿನ ಪ್ರೋಟೀನ್ ಮಾಡುವ ಕ್ಯಾಲಿಫೋರ್ನಿಯಾದ ಪರ್ಫೆಕ್ಟ್ ಡೇ 2022ರಲ್ಲಿ ಟ್ಯಾಂಕು ಹುಡುಕಿಕೊಂಡು ಬಂದದ್ದು ಗುಜರಾತಿಗೆ. ಫ್ಲಾಸ್ಕಿನ ಊರು ಟ್ಯಾಂಕಿನ ದೇಶವನ್ನು ಹುಡುಕಿಕೊಂಡು ಬರುವ ಕಾಲ ಇದು.

ಸರ್ಕಾರದ ಕಡೆಯಿಂದ, ಬಯೋಟೆಕ್ ಉದ್ಯಮಕ್ಕೆ ನೆರವು ಕೊಡುವ ಬಿರಾಕ್ ಸಂಸ್ಥೆಯ ಬಿಗ್ ಅನುದಾನ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಕಲ್ಪನೆಯ ಹಂತದಲ್ಲೇ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಜೈವಿಕ ಉತ್ಪಾದನೆಗೆ ಉತ್ತೇಜನ ಕೊಡುವ ಬಯೋ-ಇ3 ನೀತಿಗೆ ಒಪ್ಪಿಗೆ ಕೊಟ್ಟಿತು. ದೇಶದ ಜೈವಿಕ ಆರ್ಥಿಕತೆ 2014ರ 1,000 ಕೋಟಿ ಡಾಲರಿನಿಂದ 2024ರಲ್ಲಿ ಸುಮಾರು 16,570 ಕೋಟಿ ಡಾಲರಿಗೆ ಬೆಳೆದಿದೆ ಎಂದು ಸರ್ಕಾರದ ವರದಿ ಹೇಳುತ್ತದೆ. ಆದರೆ ಆ ಮೊತ್ತದಲ್ಲಿ ಎಥನಾಲ್ ಇದೆ, ಲಸಿಕೆ ಇದೆ, ಬಿಟಿ ಹತ್ತಿ ಇದೆ. ಸಿಂಥೆಟಿಕ್ ಬಯಾಲಜಿಯದು ಇನ್ನೂ ಸಣ್ಣ ಪಾಲು. ಆ ಅಂಕಿ ನೋಡಿ ಸಾಲ ಮಾಡಬೇಡಿ.

ಇಲ್ಲಿಯ ದೊಡ್ಡ ತೊಡಕು ಸಮಯ. ಬಾಸ್ಟನ್ನಿನ ವಿದ್ಯಾರ್ಥಿ ಸೋಮವಾರ ಆರ್ಡರ್ ಮಾಡಿದ ಎನ್‌ಜೈಮ್ ಮಂಗಳವಾರ ಕೈಯಲ್ಲಿ ಹಿಡಿದಿರುತ್ತಾನೆ. ನಾವು ವಾರಗಟ್ಟಲೆ ಕಾಯುತ್ತೇವೆ. ಒಮ್ಮೆ ನಮ್ಮ ತಂಡಕ್ಕೆ ಬರಬೇಕಿದ್ದ ತಳಿಯ ಪೆಟ್ಟಿಗೆ ಉಗ್ರಾಣವೊಂದರಲ್ಲಿ ಒಂದು ಕಾಗದದ ಸಹಿಗಾಗಿ ಒಂಬತ್ತು ದಿನ ಕುಳಿತಿತು. ತೆರೆದಾಗ ಡ್ರೈ ಐಸ್ ಪೂರ್ತಿ ಆವಿಯಾಗಿತ್ತು, ಟ್ಯೂಬುಗಳ ಮೈ ಬೆಚ್ಚಗಿತ್ತು. ಅದನ್ನು ಎದುರು ನೋಡುತ್ತಿದ್ದ ಹುಡುಗಿ ಪೆಟ್ಟಿಗೆಯ ಮುಂದೆ ಮಾತಿಲ್ಲದೆ ನಿಂತಿದ್ದಳು. ಅವಳ ಪಿಎಚ್‌.ಡಿ.ಯ ಆರು ತಿಂಗಳು ಹೋಯಿತು. ಇದು ಬದಲಾಗದೆ ನಮ್ಮ ನೀತಿಗಳಿಗೆ ಬೆಲೆ ಬರುವುದಿಲ್ಲ. ಒಳ್ಳೆಯ ಪ್ರಯೋಗಾಲಯಗಳು ತಾವು ಬಳಸುವ ಪಾಲಿಮರೇಸನ್ನು (ಡಿಎನ್‌ಎ ನಕಲು ಮಾಡುವ ಎನ್‌ಜೈಮನ್ನು) ತಾವೇ ತಯಾರಿಸಿಕೊಂಡು ಇದಕ್ಕೆ ದಾರಿ ಕಂಡುಕೊಂಡಿವೆ. ನೀವು ಸೇರುವ ಲ್ಯಾಬಿನಲ್ಲಿ ಆ ಅಭ್ಯಾಸ ಇದೆಯೇ ಎಂದು ಕೇಳಿ ನೋಡಿ, ಆ ಒಂದು ಉತ್ತರದಿಂದ ಲ್ಯಾಬಿನ ಗುಣ ತಿಳಿಯುತ್ತದೆ.

ಹಾಗಾದರೆ ಯಾರು ಎಲ್ಲಿಗೆ?

ಕೋಡಿಂಗೂ ಜೀವಶಾಸ್ತ್ರವೂ ಎರಡೂ ಹಿಡಿಸುವ, ಐದಾರು ವರ್ಷ ಕಾಯಬಲ್ಲ ವಿದ್ಯಾರ್ಥಿ ಅಮೆರಿಕದ ಪಿಎಚ್‌.ಡಿ.ಗೆ ಪ್ರಯತ್ನಿಸಲಿ, ಜೊತೆಗೆ ಡೆನ್ಮಾರ್ಕ್‌ಗೂ ಅರ್ಜಿ ಹಾಕಲಿ. ಸಾಲ ಮಾಡಲೇಬೇಕು, ಬೇಗ ಸಂಪಾದನೆಗೆ ಇಳಿಯಬೇಕು ಎನ್ನುವವರಿಗೆ ಬ್ರಿಟನ್ನಿನ ಒಂದು ವರ್ಷದ ಕೋರ್ಸಿಗಿಂತಲೂ ಬೆಂಗಳೂರಿನ ಫರ್ಮೆಂಟೇಶನ್ ಘಟಕವೊಂದರಲ್ಲಿ ಎರಡು ವರ್ಷದ ನೌಕರಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಸಂಬಳ ಚಿಕ್ಕದೇ. ಆದರೆ ಟ್ಯಾಂಕು ನಡೆಸಿದ, ಬ್ಯಾಚು ಕೆಟ್ಟಾಗ ಕಾರಣ ಹುಡುಕಿದ ಅನುಭವ ಇರುವವರನ್ನು ಗೆಂಟ್‌ನಿಂದ ಹಿಡಿದು ಬ್ಲೇರ್‌ವರೆಗೆ ಎಲ್ಲರೂ ಹುಡುಕುತ್ತಿರುತ್ತಾರೆ. ತಳಿ ಕಟ್ಟಬಲ್ಲವರು ಈಗ ಬೇಕಾದಷ್ಟು ಜನ. ದೊಡ್ಡ ಟ್ಯಾಂಕಿನಲ್ಲಿ ಅದನ್ನು ಬದುಕಿಸಬಲ್ಲವರು ಕಡಿಮೆ.

ಕಂಪನಿ ಕಟ್ಟುವವರು ವಸ್ತುವಿನ ಬೆಲೆಯಿಂದ ಶುರುಮಾಡಿ. ಕೆ.ಜಿ.ಗೆ ನೂರಿನ್ನೂರು ರೂಪಾಯಿ ಬಾಳುವುದಾದರೆ ಸಕ್ಕರೆ ಮಿಲ್ಲಿನ ಗೋಡೆಗೆ ಅಂಟಿಕೊಂಡೇ ಕಾರ್ಖಾನೆ ಇರಬೇಕು; ಬೆಳಗಾವಿ, ಬಾಗಲಕೋಟೆ, ಮಂಡ್ಯಗಳತ್ತ ನೋಡಿ. ಕೆ.ಜಿ.ಗೆ ಸಾವಿರಾರು ರೂಪಾಯಿಯ ಪ್ರೋಟೀನಾದರೆ ನಗರದ ಬಾಡಿಗೆ ಟ್ಯಾಂಕೇ ಸಾಕು, ಸ್ವಂತದ್ದಕ್ಕೆ ಕೈ ಹಾಕಬೇಡಿ. ಲೀಟರಿಗೆ ಎಷ್ಟು ಗ್ರಾಂ ಬರುತ್ತದೆ, ಒಂದು ಗ್ರಾಂಗೆ ಎಷ್ಟು ಸಕ್ಕರೆ ಹೋಗುತ್ತದೆ, ಎಷ್ಟು ಗಂಟೆ ಹಿಡಿಯುತ್ತದೆ: ಈ ಮೂರು ಅಂಕಿ ನಿಮ್ಮ ಬಾಯಿತುದಿಯಲ್ಲಿ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಗಂಧದ ಮಾತು ಬಿಡಲಾರೆ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ ನಮ್ಮೆಲ್ಲರ ಹೆಮ್ಮೆ. ತಮ್ಮ ಹೊಲದ ಗಂಧದ ಮರದ ಮೇಲೆ ರೈತರಿಗೆ ಒಡೆತನ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯ ನಂತರ. ಅದನ್ನು ನಂಬಿ ನೆಟ್ಟವರ ಮರಗಳು ಈಗ ಕೈಗೆ ಬರುವ ಹೊತ್ತು. ಒಳಗೆ ಕಂಪಿನ ತಿರುಳು ಕಟ್ಟಲು ಹದಿನೈದು ಇಪ್ಪತ್ತು ವರ್ಷ ಬೇಕಲ್ಲ. 2020ರಲ್ಲಿ ಬಿಎಎಸ್‌ಎಫ್ ಕಂಪನಿಯ ಐಸೊಬಯೋನಿಕ್ಸ್, ಮೆಕ್ಕೆಜೋಳದ ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾದಿಂದ ಗಂಧದ ಪರಿಮಳದ ಮೂಲವಸ್ತು ಸ್ಯಾಂಟಲಾಲನ್ನು ತೆಗೆದು ಮಾರಾಟಕ್ಕಿಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಆ ತಂತ್ರಕ್ಕೆ ಇಪ್ಪತ್ತು ವರ್ಷ ಬೇಡ, ಕೆಲವು ದಿನ ಸಾಕು. ಕಾಡಿನಲ್ಲಿ ಕಳ್ಳರ ಕೊಡಲಿಗೆ ಬೀಳುವ ಮರಗಳು ಇದರಿಂದ ಉಳಿದರೆ ನನ್ನಷ್ಟು ಸಂತೋಷಪಡುವವರಿಲ್ಲ. ಆದರೆ ಮರ ನೆಟ್ಟು ಕಾದಿರುವ ರೈತನಿಗೆ ಈ ಸುದ್ದಿಯನ್ನು ಯಾರೂ ಹೇಳಿಲ್ಲ. ಇಂಥ ವಸ್ತುವಿನ ಮೇಲೆ ನೀವು ಕೆಲಸ ಮಾಡುವುದಾದರೆ, ಅದನ್ನು ಈಗ ಬೆಳೆಯುತ್ತಿರುವವರು ಯಾರು ಎಂದು ತಿಳಿದುಕೊಂಡು, ಅವರ ಜೊತೆ ಒಂದು ದಿನ ಕುಳಿತು ಮಾತಾಡಿ ಬನ್ನಿ. ಆರ್ಟೆಮಿಸಿಯಾ ಬೆಳೆದವರ ಜೊತೆ ಯಾರಾದರೂ ಹಾಗೆ ಕುಳಿತಿದ್ದರೆ, ಗರೆಸ್ಸಿಯೊದ ಲೆಕ್ಕವೂ ಬೇರೆಯಾಗುತ್ತಿತ್ತೇನೋ.

ಇನ್ನೂ ಡಿಗ್ರಿ ಓದುತ್ತಿರುವವರು ಊರಿನ ಆಯ್ಕೆಯನ್ನು ಸದ್ಯಕ್ಕೆ ಬದಿಗಿಟ್ಟು ಐಜೆಮ್ ಸ್ಪರ್ಧೆಗೆ ತಂಡ ಕಟ್ಟಿ. 2004ರಲ್ಲಿ ಐದು ತಂಡಗಳಿಂದ ಎಂಐಟಿಯಲ್ಲಿ ಶುರುವಾದ ಈ ವಿದ್ಯಾರ್ಥಿ ಸ್ಪರ್ಧೆಯ ಅಂತಿಮ ಸುತ್ತು 2022ರಿಂದ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ. ತಂಡದ ಶುಲ್ಕ, ಪ್ರಯಾಣ ಎರಡೂ ದುಬಾರಿ. ವರ್ಷದ ಆರಂಭದಲ್ಲೇ ಕಾಲೇಜಿನವರನ್ನೂ ಊರಿನ ಉದ್ಯಮಿಗಳನ್ನೂ ಕೇಳಲು ತೊಡಗಬೇಕು. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು ಇದೇ ಸ್ಪರ್ಧೆಗೆ ಹೋಗಿದ್ದರು. ಬಯಾಲಜಿ ಓದಿದವರಲ್ಲ, ಚಿತ್ರಕಲೆ, ವಿನ್ಯಾಸ ಕಲಿಯುತ್ತಿದ್ದವರು. ಅವರು ಇ. ಕೋಲಿಯಿಂದ ಮಾಡಿಸಲು ಹೊರಟದ್ದು ಜಿಯೋಸ್ಮಿನ್ ಎಂಬ ವಸ್ತುವನ್ನು. ಬೇಸಿಗೆ ಕಳೆದು ಮೊದಲ ಹನಿ ಬಿದ್ದಾಗ ನೆಲದಿಂದ ಏಳುವ ಮಣ್ಣಿನ ವಾಸನೆ ಅದರದೇ.